ಸಹಿ ಸಾಕು, ಕೆಲಸ ಬೇಡ

ವಿಜಯಪುರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಳೆದ ವಾರ ಕುಳಿತಿದ್ದೆ. ಡಿಸೈನ್ ಓದುವ ಹುಡುಗನ ತಂದೆ ಬಂದರು. ‘ಇಂಟರ್ನ್‌ಶಿಪ್ ಮಾಡ್ಯಾನಂತ ಲೆಟರ್‌ಹೆಡ್ ಮ್ಯಾಲ ಬರದು ಕೊಡ್ರಿ, ಸಾಕು. ಹುಡುಗಗ ಬರೂದು ಆಗೂದಿಲ್ರಿ, ಓದೂದು ಭಾಳ ಐತಿ’ ಎಂದರು. ಮಾಲೀಕರು ಮರುಮಾತಿಲ್ಲದೆ ಸಹಿ ಹಾಕಿ ಸೀಲು ಒತ್ತಿದರು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ದೇಶ ಸುತ್ತು, ಕೋಶ ಓದು ಎಂದವರು ಎರಡನ್ನೂ ಒಟ್ಟಿಗೇ ಹೇಳಿದ್ದರು. ನಾವು ಕೋಶವನ್ನಷ್ಟೇ ಹಿಡಿದಿದ್ದೇವೆ. ಅದೂ ಪರೀಕ್ಷೆಗೆ ಬೇಕಾದಷ್ಟು.

ಆ ಹುಡುಗ ದೇಶವನ್ನೇನೂ ಸುತ್ತಬೇಕಿರಲಿಲ್ಲ, ಅದೇ ಪ್ರೆಸ್ಸಿಗೆ ಬಂದಿದ್ದರೆ ಸಾಕಿತ್ತು. ತಿಕೋಟಾ, ಬಬಲೇಶ್ವರ ಸೀಮೆಯ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿಯನ್ನು ತಾಸಗಾಂವ, ಸಾಂಗಲಿಯ ಪೇಟೆಗೆ ಕಳಿಸುತ್ತಾರೆ. ಸ್ವಂತ ಹೆಸರಿನಲ್ಲಿ ಮಾರಬೇಕೆನ್ನುವ ರೈತ ಬಾಕ್ಸ್ ಮಾಡಿಸಲು ಬರುವುದು ಇಂಥ ಅಂಗಡಿಗೇ. ಆ ಬಾಕ್ಸ್ ಮಾಡುವಾಗ ಕಲಿಯುವುದು ಎಷ್ಟೊಂದಿದೆ. ಪರದೆಯ ಮೇಲೆ ಹೊಳೆಯುವ ಹಸಿರು ನಾಲ್ಕು ಬಣ್ಣದ ಮುದ್ರಣದಲ್ಲಿ ಮಂಕಾಗುತ್ತದೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿದ ‘ಒಣದ್ರಾಕ್ಷಿ’ಯನ್ನು ಹಳೆಯ ಕೋರೆಲ್‌ಡ್ರಾದಲ್ಲಿ ಇಟ್ಟರೆ ಒತ್ತಕ್ಷರಗಳು ಚದುರುತ್ತವೆ, ನುಡಿ ಫಾಂಟಿಗೆ ಬದಲಿಸಬೇಕಾಗುತ್ತದೆ. ಕಟಿಂಗ್‌ನಲ್ಲಿ ಹಾಳೆ ಚೂರು ಸರಿದರೂ ಬಿಳಿ ಅಂಚು ಕಾಣುತ್ತದೆ, ಆದ್ದರಿಂದ ಚಿತ್ರ ಸುತ್ತಲೂ 3 ಮಿ.ಮೀ. ಹೊರಗೆ ಚಾಚಿರಬೇಕು. ನಿವ್ವಳ ತೂಕ, ಪ್ಯಾಕ್ ಮಾಡಿದ ತಿಂಗಳು, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ನಂಬರು, ಸಸ್ಯಾಹಾರದ ಹಸಿರು ಗುರುತು, ಇವಿಲ್ಲದಿದ್ದರೆ ಎಷ್ಟು ಚೆಂದದ ಬಾಕ್ಸಾದರೂ ಮಾರಲು ಬರುವುದಿಲ್ಲ. ಇಷ್ಟೆಲ್ಲ ಆದ ಮೇಲೆ ರೈತ ಬಂದು, ‘ನಮ್ಮ ಊರ ಹೆಸರ ದೊಡ್ಡದು ಮಾಡ್ರಿ’ ಎನ್ನುತ್ತಾನೆ. ಹಾಕಿದ ವಿನ್ಯಾಸವೆಲ್ಲ ಮತ್ತೆ ಮೊದಲಿನಿಂದ. ಆ ರೈತನ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡು, ಅವನಿಗೂ ಒಪ್ಪಿಗೆಯಾಗಿ ಕಣ್ಣಿಗೂ ಹಿತವಾಗಿ ಮಾಡುವುದನ್ನು ಯಾವ ಪ್ರಾಜೆಕ್ಟ್ ಫೈಲೂ ಕಲಿಸದು.

ಅಹಮದಾಬಾದಿನಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ವಿದ್ಯಾರ್ಥಿಗಳು ಓದಿನ ಕೊನೆಗೆ ಹೊರಗಿನ ಸಂಸ್ಥೆಗಾಗಿ ನಿಜವಾದ ಕೆಲಸವೊಂದನ್ನು ಮಾಡಿ ತೋರಿಸುತ್ತಾರೆ. ಆರ್ಕಿಟೆಕ್ಚರ್ ಓದುವವರಿಗೂ ಪ್ರಾಯೋಗಿಕ ತರಬೇತಿ ಕಡ್ಡಾಯ. ಈ ನಿಯಮ ಮಾಡಿದವರು ಕಾಗದ ತುಂಬಿಸಲೆಂದು ಮಾಡಿದ್ದಲ್ಲ.

ನಮ್ಮ ಊರಿನ ಇಬ್ರಾಹಿಂ ರೋಜಾ ಸಮಾಧಿಯ ಶಾಸನದಲ್ಲಿ ಅದರ ಕಟ್ಟಡದ ಕೆಲಸ ನಡೆಸಿದ ಮಲಿಕ್ ಸಂದಲ್‌ನ ಹೆಸರಿದೆ. ಕೆಲಸ ಮಾಡಿದವನ ಹೆಸರು ಕಲ್ಲಿನ ಮೇಲೆ ಉಳಿದ ಊರಿನಲ್ಲಿ, ಮಾಡದ ಕೆಲಸಕ್ಕೆ ಹೆಸರು ಬರೆದು ಕೊಡುತ್ತಿದ್ದೇವೆ. ಅಪ್ಪನೇ ಮುಂದೆ ನಿಂತು ಮಗನಿಗೆ ಮೊದಲ ಸುಳ್ಳು ದಾಖಲೆ ಮಾಡಿಸಿಕೊಡುವುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ನಾಳೆ ಕೆಲಸ ಕೊಡುವವರು, ‘ಒಂದು ಬಾಕ್ಸಿನ ಕಟಿಂಗ್ ಗೆರೆ ಹಾಕಿ ತೋರಿಸು’ ಎಂದರೆ ಆ ಸೀಲು ಅವನ ಕೈ ಹಿಡಿಯುವುದೇ?

ಬಸ್ ಚಾರ್ಜಿಗೂ ಕಷ್ಟಪಡುವ ಮಕ್ಕಳಿದ್ದಾರೆ, ಅವರ ಮಾತು ಬೇರೆ. ಕೆಲಸ ಮಾಡಿಸಿಕೊಳ್ಳುವವರು ಅಂಥವರಿಗೆ ಓಡಾಟದ ಖರ್ಚು, ಮಧ್ಯಾಹ್ನದ ಊಟವನ್ನಾದರೂ ಕೊಡಲೇಬೇಕು. ಬರೀ ಚಹಾ ತರಲು ಓಡಿಸಿ ಅನುಭವ ಕೊಟ್ಟೆವು ಎನ್ನಬಾರದು.

ಕಾಲೇಜಿನವರಲ್ಲಿ ನನ್ನದೊಂದು ಬೇಡಿಕೆ. ಪ್ರಮಾಣಪತ್ರ ನೋಡಿ ಅಂಕ ಹಾಕುವುದನ್ನು ಬಿಡಿ. ವಿದ್ಯಾರ್ಥಿ ಕೆಲಸ ಮಾಡುವ ಜಾಗಕ್ಕೆ ಒಬ್ಬ ಅಧ್ಯಾಪಕರನ್ನು ಒಮ್ಮೆಯಾದರೂ ಕಳಿಸಿ.