ಊರೊಳಗೆ ಮೂವತ್ತು ಸಾಕು

ಸೈಕಲ್ ಸವಾರರ ಸುರಕ್ಷತೆಯ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಎರಡು ಬೇಡಿಕೆಗಳಿಗೆ ಬಂದು ನಿಲ್ಲುತ್ತದೆ: ಸವಾರ ಹೆಲ್ಮೆಟ್ ಹಾಕಬೇಕು, ಪಾಲಿಕೆ ಪ್ರತ್ಯೇಕ ಸೈಕಲ್ ಪಥ ಮಾಡಬೇಕು. ಎರಡೂ ಒಳ್ಳೆಯವೇ. ಆದರೆ ಸೈಕಲ್ಲಿನ ಮಗ್ಗುಲಲ್ಲೇ ಹಾದುಹೋಗುವ ಗಾಡಿಯ ವೇಗ ಎಷ್ಟಿರಬೇಕು ಎಂಬ ಪ್ರಶ್ನೆಯನ್ನು ಎತ್ತುವವರು ಕಡಿಮೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಪುರಸಭೆ, ನಗರಸಭೆಗಳ ವ್ಯಾಪ್ತಿಯೊಳಗೇ ಕಾರು ಗಂಟೆಗೆ 70 ಕಿ.ಮೀ., ಬೈಕು 60 ಕಿ.ಮೀ. ವೇಗದಲ್ಲಿ ಓಡಬಹುದು. ರಾಜ್ಯವಾಗಲಿ ಸ್ಥಳೀಯ ಅಧಿಕಾರಿಗಳಾಗಲಿ ಬೇರೆ ಮಿತಿ ಗೊತ್ತುಪಡಿಸದ ಕಡೆಯೆಲ್ಲ ಇದೇ ಲೆಕ್ಕ; ಮನೆ, ಶಾಲೆ, ಹಾಲಿನ ಬೂತು ಇರುವ ಬೀದಿಗೂ ಇದೇ ಲೆಕ್ಕ. ನನ್ನ ವಾದ ಇಷ್ಟೇ: ಊರೊಳಗಿನ ಬೀದಿಗಳಲ್ಲಿ ಈ ಮಿತಿಯನ್ನು 30ಕ್ಕೆ ಇಳಿಸದೆ ಮಾಡುವ ಸೈಕಲ್ ಯೋಜನೆಗಳೆಲ್ಲ ಉದ್ಘಾಟನೆಯ ದಿನದ ಫೋಟೊಗೆ ಮಾತ್ರ ಒದಗುತ್ತವೆ.

ಈ ಮಾತನ್ನು ಯಾರ ಪರವಾಗಿ ಆಡುತ್ತಿದ್ದೇವೆ ಎಂಬುದು ಮೊದಲು ತಿಳಿಯಾಗಬೇಕು. ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ದಾರಿ ಹಿಡಿಯುವ ದುಬಾರಿ ಸೈಕಲ್ಲುಗಳ ಬಗ್ಗೆ ನನಗೆ ತಕರಾರಿಲ್ಲ, ಆದರೆ ದೇಶದ ಸೈಕಲ್ ಅಲ್ಲಿಲ್ಲ. 2011ರ ಜನಗಣತಿಯಲ್ಲಿ, ಬೇಸಾಯ ಮತ್ತು ಮನೆಕಸುಬು ಬಿಟ್ಟು ಬೇರೆ ದುಡಿಮೆ ಮಾಡುವವರ ಪೈಕಿ ಸುಮಾರು ಶೇ 13 ಮಂದಿ ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಿದ್ದರು. ಆಮೇಲೆ ಸ್ಕೂಟರುಗಳು ಹೆಚ್ಚಿ ಈ ಪಾಲು ಕುಗ್ಗಿರಬಹುದು. ಇಂದಿಗೂ ತುಳಿಯುತ್ತಿರುವವರಲ್ಲಿ ಹೆಚ್ಚಿನವರಿಗೆ ಬೇರೆ ಗತಿಯಿಲ್ಲ: ಪೇಪರ್ ಹಾಕುವ ಹುಡುಗ, ರಾತ್ರಿ ಪಾಳಿ ಮುಗಿಸಿ ಮರಳುವ ಸೆಕ್ಯುರಿಟಿ ಗಾರ್ಡ್, ಗಾರೆ ಕೆಲಸದವರು, ಹಿಂದಿನ ಕ್ಯಾರಿಯರಿಗೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರುವವರು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ ಎನ್ನುತ್ತದೆ ಸಚಿವಾಲಯದ ವರದಿ. ಅವರಲ್ಲಿ ಪಾದಚಾರಿಗಳೇ 32 ಸಾವಿರಕ್ಕೂ ಹೆಚ್ಚು. ಸೈಕಲ್ ಸವಾರರು ಐದು ಸಾವಿರದ ಹತ್ತಿರ. ಎಂಜಿನ್ನನ್ನೇ ಮುಟ್ಟದೆ ದಾರಿಗಿಳಿದವರ ಪಾಲು ಒಟ್ಟು ಸಾವಿನಲ್ಲಿ ಐದರಲ್ಲಿ ಒಂದನ್ನು ಮೀರುತ್ತದೆ.

ವೇಗ ದುಪ್ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬುದು ಹೈಸ್ಕೂಲಿನ ವಿಜ್ಞಾನದ ಪಾಠ. ನಿಲ್ಲುವ ದೂರದ ಲೆಕ್ಕ ಇನ್ನೂ ಕಟುವಾದದ್ದು. ರಸ್ತೆ ಒಣಗಿದೆ, ಬ್ರೇಕು ಚೆನ್ನಾಗಿದೆ, ಚಾಲಕ ಒಂದೇ ಸೆಕೆಂಡಿನಲ್ಲಿ ಎಚ್ಚೆತ್ತ ಎಂದಿಟ್ಟುಕೊಳ್ಳೋಣ. 30ರ ವೇಗದ ಕಾರು ಹದಿಮೂರು ಹದಿನಾಲ್ಕು ಮೀಟರಿನಲ್ಲಿ ನಿಲ್ಲುತ್ತದೆ. 60ರ ವೇಗದ ಕಾರಿಗೆ 35 ಮೀಟರೂ ಸಾಲದು. ಮೊದಲನೆಯ ಕಾರು ನಿಂತೇಬಿಟ್ಟ ಜಾಗವನ್ನು ಎರಡನೆಯದು ದಾಟುವಾಗ ಅದರ ಚಾಲಕ ಬ್ರೇಕನ್ನು ಇನ್ನೂ ಮೆಟ್ಟಿಯೇ ಇರುವುದಿಲ್ಲ. ಗುಂಡಿ ತಪ್ಪಿಸಲು ಸೈಕಲ್ಲಿನವನು ಒಂದಡಿ ಬಲಕ್ಕೆ ವಾಲಿದಾಗ ಅವನ ಬದುಕು ಈ ಇಪ್ಪತ್ತು ಚಿಲ್ಲರೆ ಮೀಟರಿನ ವ್ಯತ್ಯಾಸದಲ್ಲಿರುತ್ತದೆ. ಸರಾಸರಿ ವೇಗ ಶೇ 1ರಷ್ಟು ಏರಿದರೂ ಸಾವು ತರುವ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಹೆಲ್ಮೆಟ್ ಬೇಡವೆಂದು ಯಾರೂ ಹೇಳಲಾರರು. ಆದರೆ ಯುರೋಪಿನ ಮಾನದಂಡದಲ್ಲಿ ಸೈಕಲ್ ಹೆಲ್ಮೆಟ್ಟನ್ನು ಪರೀಕ್ಷಿಸುವುದು ಗಂಟೆಗೆ ಸುಮಾರು 20 ಕಿ.ಮೀ. ವೇಗದ ಪೆಟ್ಟಿಗೆ, ಅಂದರೆ ಹೆಚ್ಚುಕಡಿಮೆ ಸವಾರ ತಾನಾಗಿ ಬಿದ್ದಾಗಿನ ಪೆಟ್ಟಿಗೆ. ಲಾರಿಯ ಮುಂದೆ ಅದರಿಂದ ಏನನ್ನು ನಿರೀಕ್ಷಿಸಬಹುದು?

ಹಾಗಾದರೆ ಪ್ರತ್ಯೇಕ ಪಥವೇ ಪರಿಹಾರವಲ್ಲವೇ ಎನ್ನುವವರು ಯುರೋಪಿನ ಊರುಗಳನ್ನು ತೋರಿಸುತ್ತಾರೆ. ಸ್ಪೇನಿನ ಸೆವಿಲ್ಲೆ ನಗರ 2006ರಿಂದೀಚೆಗೆ ಕೆಲವೇ ವರ್ಷಗಳಲ್ಲಿ ಊರಿಡೀ ಒಂದಕ್ಕೊಂದು ಕೂಡಿಕೊಂಡ ಸೈಕಲ್ ಪಥಗಳನ್ನು ಹಾಕಿತು. ತುಳಿಯುವವರ ಸಂಖ್ಯೆ ಹಲವು ಪಟ್ಟಾಯಿತು. ನಿಜ. ಆದರೆ ಅಲ್ಲಿ ಪಥದಿಂದ ಹೊರಗಿಡಬೇಕಾಗಿದ್ದದ್ದು ಮುಖ್ಯವಾಗಿ ಕಾರನ್ನು. ನಮ್ಮಲ್ಲಿ ರಸ್ತೆ ತುಂಬಿರುವುದು ಸ್ಕೂಟರು ಮತ್ತು ಬೈಕು. ಬೆಂಗಳೂರಿನಲ್ಲಿ ನೋಂದಣಿಯಾಗಿರುವ ಒಂದು ಕೋಟಿಗೂ ಮೀರಿದ ವಾಹನಗಳಲ್ಲಿ ಮೂರನೇ ಎರಡರಷ್ಟು ದ್ವಿಚಕ್ರಗಳೇ. ಸೈಕಲ್ ತೂರಬಲ್ಲ ಕಿಂಡಿಯಲ್ಲಿ ಸ್ಕೂಟರೂ ತೂರುತ್ತದೆ. ಎರಡರ ಹ್ಯಾಂಡಲಿನ ಅಗಲದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಸೈಕಲ್ ಪಥದ ನಕ್ಷೆ ಬರೆಯುವವರು ಈ ಸರಳ ಅಳತೆಯನ್ನು ಮರೆತಂತಿದೆ. ಬಸ್ಸುಗಳಿಗೆಂದೇ ಪಥ ಬಿಟ್ಟಿದ್ದ ದೆಹಲಿಯ ಬಿಆರ್‌ಟಿ ರಸ್ತೆಯಲ್ಲಿ 2008ರಲ್ಲಿ ಮಾಡಿದ ಸೈಕಲ್ ಪಥಕ್ಕೆ ಬೈಕುಗಳು ನುಗ್ಗಿದವು. ಬೆಂಗಳೂರಿನ ಜಯನಗರದ ಪಥಗಳ ಮೇಲೆ ಕಾರುಗಳು ನಿಂತವು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬೊಲ್ಲಾರ್ಡ್ ನೆಟ್ಟು ಮಾಡಿದ ತಾತ್ಕಾಲಿಕ ಪಥದ ಕಥೆಯೂ ಭಿನ್ನವಲ್ಲ: ಬೊಲ್ಲಾರ್ಡುಗಳು ಮುರಿದವು, ಬೈಕುಗಳು ಒಳಬಂದವು, ಮೆಟ್ರೊ ಕಾಮಗಾರಿ ಉಳಿದದ್ದನ್ನೂ ನುಂಗಿತು. ಬಸ್ಸು ಲಾರಿಗಳು ವೇಗವಾಗಿ ಓಡಲೇಬೇಕಾದ ದೊಡ್ಡ ರಸ್ತೆಗಳಲ್ಲಿ ಎತ್ತರದ ಅಂಚುಗಲ್ಲಿನ ಪಥ ಬೇಕೇ ಬೇಕು, ಅದರ ಮೇಲೆ ಕಾವಲೂ ಬೇಕು. ಆದರೆ ಅಂಥ ರಸ್ತೆಗಳು ಊರಿನ ಒಟ್ಟು ಬೀದಿಗಳಲ್ಲಿ ಎಷ್ಟು? ಮಿಕ್ಕ ಬೀದಿಗಳಲ್ಲಿ ಪಥಕ್ಕೆ ಜಾಗವೇ ಇಲ್ಲ. ಅಲ್ಲಿ ಸೈಕಲ್ಲು, ಆಟೊ, ಸ್ಕೂಟರು, ಕಾರು ಒಂದೇ ಡಾಂಬರಿನ ಮೇಲೆ ಬಾಳಬೇಕು. ಬೆರೆತು ಓಡುವುದು ಅನಿವಾರ್ಯವಾದ ಮೇಲೆ ವೇಗಗಳ ನಡುವಿನ ಅಂತರವನ್ನು ತಗ್ಗಿಸುವುದೊಂದೇ ಉಳಿದ ಉಪಾಯ. ಪಾದಚಾರಿ, ಸೈಕಲ್ಲು, ವಾಹನ ಬೆರೆಯುವ ಕಡೆ 30ನ್ನು ಮೀರಬಾರದು ಎಂದು ರಸ್ತೆ ಸುರಕ್ಷತೆ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇದೇ ಕಾರಣಕ್ಕೆ. ಸ್ಪೇನ್ ದೇಶವೇ 2021ರ ಮೇ ತಿಂಗಳಲ್ಲಿ, ಒಂದೊಂದು ದಿಕ್ಕಿಗೆ ಒಂದೇ ಲೇನ್ ಇರುವ ಊರೊಳಗಿನ ರಸ್ತೆಗಳಿಗೆಲ್ಲ 30ರ ಮಿತಿ ಹಾಕಿತು.

ಮೊದಲೇ ಟ್ರಾಫಿಕ್ಕಿನಲ್ಲಿ ನರಳುತ್ತಿದ್ದೇವೆ, ಇನ್ನು 30ರ ಮಿತಿಯೂ ಬಂದರೆ ಮನೆ ಸೇರುವುದು ಯಾವಾಗ ಎಂಬ ಆಕ್ಷೇಪ ಸಹಜ. ಅದಕ್ಕೆ ಉತ್ತರ ಟ್ರಾಫಿಕ್ಕಿನಲ್ಲೇ ಇದೆ. ನಗರಗಳ ಟ್ರಾಫಿಕ್ಕನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ ಅರ್ಧ ಗಂಟೆಗೂ ಹೆಚ್ಚು ಬೇಕು, ಅಂದರೆ ವೇಗ ಗಂಟೆಗೆ 20 ಕಿ.ಮೀ.ಗಿಂತಲೂ ಕಡಿಮೆ. ಎರಡು ಸಿಗ್ನಲ್ಲುಗಳ ನಡುವೆ 55ಕ್ಕೆ ಏರಿ ಮುಂದಿನ ಕೆಂಪು ದೀಪಕ್ಕೆ ಬಂದು ಕಾಯುವವನಿಗೆ ಉಳಿಯುವ ಸಮಯ ಅಷ್ಟರಲ್ಲೇ ಇದೆ. ಮಿತಿಯ ಬಿಸಿ ನಿಜವಾಗಿ ತಟ್ಟುವುದು ರಾತ್ರಿ ಹತ್ತರ ನಂತರ, ಬೆಳಗಿನ ಆರರ ಮೊದಲು, ರಸ್ತೆ ಖಾಲಿಯಾಗಿ ವೇಗ ಏರುವಾಗ. ಪೇಪರಿನ ಹುಡುಗ, ಪಾಳಿ ಮುಗಿಸಿದ ಗಾರ್ಡ್ ಸೈಕಲ್ಲಿನ ಮೇಲಿರುವುದೂ ಆಗಲೇ.

ಸೈಕಲ್ಲಿನವರೇ ನಿಯಮ ಪಾಲಿಸುವುದಿಲ್ಲ, ಒನ್‌ವೇಯಲ್ಲಿ ಎದುರು ಬರುತ್ತಾರೆ, ದೀಪ ಹಾಕುವುದಿಲ್ಲ ಎಂಬ ದೂರಿನಲ್ಲಿ ಹುರುಳಿದೆ. ಡೈನಮೋ ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ತಡೆದು ನಿಲ್ಲಿಸುತ್ತಿದ್ದ ಕಾಲವೊಂದಿತ್ತು. ಆ ಶಿಸ್ತು ಹೋದದ್ದು ಸೈಕಲ್ಲಿನವರಿಗೂ ನಷ್ಟವೇ. ಹಿಂದಿನ ಕೆಂಪು ದೀಪ ಕೊಳ್ಳಲು ದೊಡ್ಡ ಹಣವೇನೂ ಬೇಕಿಲ್ಲ, ಅದಕ್ಕೆ ನೆಪವೂ ಬೇಡ. ಆದರೆ ಎದುರು ದಿಕ್ಕಿನ ಸವಾರಿಯನ್ನು ಬರೀ ಅಶಿಸ್ತು ಎನ್ನಲಾಗದು. ಮೀಡಿಯನ್ ಕಟ್ಟಿ ಯೂ-ಟರ್ನನ್ನು ದೂರಕ್ಕೆ ತಳ್ಳಿದಾಗ ಕಾರಿನವನಿಗೆ ಹೋಗುವುದು ಎರಡು ನಿಮಿಷ. ಹೊರೆ ಹೊತ್ತು ತುಳಿಯುವವನಿಗೆ ಹೋಗುವುದು ಕಾಲಿನ ಕಸುವು. ರಸ್ತೆ ಮಾಡಿದವರು ಅವನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸೈಕಲ್ಲೇ ಕಾಣದ ಊರಿಗೆ ಈ ತಾಪತ್ರಯವೇಕೆ ಎನ್ನುವವರೂ ಇದ್ದಾರೆ. ಪೀಟರ್ ಜೇಕಬ್ಸನ್ ಎಂಬ ಸಂಶೋಧಕ 2003ರಲ್ಲಿ ಹಲವು ದೇಶಗಳ ಅಂಕಿಅಂಶ ಹೋಲಿಸಿ ನೋಡಿದಾಗ, ನಡೆಯುವವರ ಅಥವಾ ತುಳಿಯುವವರ ಸಂಖ್ಯೆ ದುಪ್ಪಟ್ಟಾದ ಕಡೆ ಒಬ್ಬೊಬ್ಬರ ಅಪಾಯ ಮೂರನೇ ಒಂದರಷ್ಟು ಇಳಿದಿತ್ತು. ಸೈಕಲ್ ಕಡಿಮೆಯಿದ್ದಷ್ಟೂ ಉಳಿದವರ ಅಪಾಯ ಹೆಚ್ಚು. ಅಪಾಯ ಹೆಚ್ಚಿದಷ್ಟೂ ಅವರೂ ಸ್ಕೂಟರಿಗೆ ಕಂತು ಕಟ್ಟುತ್ತಾರೆ.

ಸೈಕಲ್ಲುಗಳನ್ನು ರಸ್ತೆಯಿಂದ ಎತ್ತಿ ಕೆರೆ ಏರಿಯ ಮೇಲೆ, ರಾಜಕಾಲುವೆಯ ದಂಡೆಯಲ್ಲಿ, ಅಗಲದ ಫುಟ್‌ಪಾತಿನಲ್ಲಿ ಬಿಟ್ಟರಾಯಿತಲ್ಲ ಎಂಬ ಸಲಹೆ ಈಚೆಗೆ ಹೆಚ್ಚು ಕೇಳಿಬರುತ್ತಿದೆ. ನನಗೆ ಇದು ಜಾಣ ಸಲಹೆಯಾಗಿ ಕಾಣುವುದಿಲ್ಲ. ರಸ್ತೆಯಲ್ಲಿ ದುರ್ಬಲನಾದ ಸವಾರ ಆ ದಾರಿಯಲ್ಲಿ ಬಲಶಾಲಿಯಾಗುತ್ತಾನೆ. ನಡೆಯುವವರು ಗಂಟೆಗೆ ನಾಲ್ಕೈದು ಕಿ.ಮೀ. ಹೋದರೆ ಸೈಕಲ್ಲು ಹದಿನೈದು. ಲೈಸೆನ್ಸು ಬೇಡದ ಬ್ಯಾಟರಿ ಗಾಡಿಗಳಿಗೂ ಅಲ್ಲೇ ಜಾಗ ಕೊಟ್ಟರೆ ಇಪ್ಪತ್ತೈದು. ವಯಸ್ಸಾದವರಿಗೆ, ಕೈಬಿಡಿಸಿಕೊಂಡು ಓಡುವ ಮಗುವಿಗೆ, ಕಿವಿ ಮಂದವಾದವರಿಗೆ ಹಿಂದಿನಿಂದ ಸದ್ದಿಲ್ಲದೆ ಬರುವ ಸೈಕಲ್ಲು ಸಣ್ಣ ಅಪಾಯವಲ್ಲ. ಅರವತ್ತು ದಾಟಿದವರಿಗೆ ಸೊಂಟದ ಮೂಳೆ ಮುರಿದರೆ ಎದ್ದು ಓಡಾಡುವುದೇ ಕಷ್ಟ. ರಸ್ತೆಯಲ್ಲಿ ಕಾರಿನವರಿಂದ ನಾವು ಏನು ಕೇಳುತ್ತೇವೋ ಅದನ್ನೇ ಇಲ್ಲಿ ಸೈಕಲ್ಲಿನವರು ಕೊಡಬೇಕು: ಜನ ಇರುವ ಕಡೆ ನಡಿಗೆಯ ವೇಗ, ದೂರದಿಂದಲೇ ಬೆಲ್ಲು, ದಾರಿ ಕಿರಿದಾದರೆ ಇಳಿದು ತಳ್ಳುವುದು. ಇದಕ್ಕೆ ಒಪ್ಪದ ಸವಾರ 30ರ ಮಿತಿ ಕೇಳುವ ಹಕ್ಕನ್ನು ತಾನೇ ದುರ್ಬಲ ಮಾಡಿಕೊಳ್ಳುತ್ತಾನೆ. ಇನ್ನು, ದಿನವೂ ಕೆಲಸಕ್ಕೆ ಹೋಗುವವನಿಗೆ ಕೆರೆಯ ಸುತ್ತ ತುಳಿದು ಆಗಬೇಕಾದ್ದೇನು? ಅವನು ತಲುಪಬೇಕಾದ ಕಾರ್ಖಾನೆ, ಮಾರುಕಟ್ಟೆ, ಬಸ್ ನಿಲ್ದಾಣ ಇರುವುದು ರಸ್ತೆಯ ಮೇಲೆ.

ಬೋರ್ಡು ಹಾಕಿದರೆ ಯಾರು ಕೇಳುತ್ತಾರೆ ಎಂಬುದು ಕೊನೆಯ, ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಬರೀ ಬೋರ್ಡನ್ನು ಯಾರೂ ಕೇಳುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಕೂತು ದಂಡದ ಸಂದೇಶ ಮೊಬೈಲಿಗೆ ಬರತೊಡಗಿದ ಮೇಲೆ ಸಾವುಗಳು ಗಣನೀಯವಾಗಿ ಇಳಿದವು. 2023ರ ಆಗಸ್ಟಿನಲ್ಲಿ ಬೈಕು, ಆಟೊಗಳನ್ನು ಅದರಿಂದ ಹೊರಗಿಟ್ಟದ್ದೂ ಒಂದು ಕಾರಣ ಎಂಬುದನ್ನು ಮರೆಯಬಾರದು, ಆದರೂ ಸಿಕ್ಕಿಬೀಳುವ ಭಯಕ್ಕೆ ನಮ್ಮ ಚಾಲಕರೂ ಬಗ್ಗುತ್ತಾರೆ ಎಂಬುದಂತೂ ಗೊತ್ತಾಯಿತು. ಬೀದಿಬೀದಿಗೂ ಕ್ಯಾಮೆರಾ ಅಸಾಧ್ಯ. ಅಲ್ಲಿ ರಸ್ತೆಯ ರೂಪವೇ ಕಾವಲು ಕಾಯಬೇಕು. ತಿರುವಿನ ಮೂಲೆಯನ್ನು ಬಿಗಿ ಮಾಡುವುದು, ದಾಟುವ ಜಾಗವನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತುವುದು, ಬೆನ್ನು ಮುರಿಯುವ ಹಂಪಿನ ಬದಲು ಅಳತೆಗೆ ಸರಿಯಾದ ಉಬ್ಬು ಹಾಕುವುದು. ಮೋಟಾರು ವಾಹನ ಕಾಯ್ದೆಯ 112ನೇ ಕಲಮು ಸ್ಥಳೀಯವಾಗಿ ಮಿತಿ ಇಳಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಹೊಸ ಕಾನೂನು ಬೇಕಿಲ್ಲ, ಆದೇಶ ಸಾಕು.

ಎಲ್ಲಿಂದ ಶುರುಮಾಡಬೇಕು ಎಂದರೆ ಹಳ್ಳಿಯ ಕಡೆಯಿಂದ, ಶಾಲೆಗೆ ಸೈಕಲ್ ತುಳಿಯುವ ಮಕ್ಕಳ ದಾರಿಯಿಂದ. 2006–07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತಿತು, ಮತ್ತೆ ಕೊಡಬೇಕೆಂಬ ಒತ್ತಾಯ ಆಗಾಗ ಕೇಳಿಬರುತ್ತದೆ. ನಮ್ಮ ಯೋಜನೆ ಆರಂಭವಾದ ಹೊತ್ತಿಗೇ ಬಿಹಾರದಲ್ಲಿ ಶುರುವಾದ ಇಂಥದೇ ಯೋಜನೆಯನ್ನು ಅಭ್ಯಸಿಸಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್, ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಅದರಿಂದ ಶೇ 32ರಷ್ಟು ಏರಿತೆಂದು ತೋರಿಸಿದ್ದಾರೆ. ಆದರೆ ನಮ್ಮಲ್ಲಿ ಹೈಸ್ಕೂಲು ಇರುವುದು ಸಾಮಾನ್ಯವಾಗಿ ಹೋಬಳಿ ಕೇಂದ್ರದಲ್ಲಿ, ಅಲ್ಲಿಗೆ ಹೋಗುವ ದಾರಿ ಹೆಚ್ಚಾಗಿ ಜಿಲ್ಲಾ ಮುಖ್ಯರಸ್ತೆ ಇಲ್ಲವೇ ರಾಜ್ಯ ಹೆದ್ದಾರಿ. ಹದಿಮೂರರ ಹುಡುಗಿ ಬೆನ್ನಿಗೆ ಬ್ಯಾಗು ಹಾಕಿಕೊಂಡು ತುಳಿಯುವ ಆ ರಸ್ತೆಯಲ್ಲಿ ಕಾರಿನ ಅಧಿಕೃತ ಮಿತಿ 70. ಯೋಜನೆ ಮತ್ತೆ ಬರುವುದಾದರೆ ಸೈಕಲ್ ಖರೀದಿಯ ಟೆಂಡರಿನ ಜೊತೆಗೇ, ಪ್ರತಿ ಪ್ರೌಢಶಾಲೆಯ ಸುತ್ತ ಮಕ್ಕಳು ತುಳಿಯುವ ಎರಡು ಮೂರು ಕಿ.ಮೀ. ರಸ್ತೆಗಳ ಪಟ್ಟಿ ಮತ್ತು ಅವುಗಳಿಗೆ 30ರ ಮಿತಿ ಹಾಕಿದ ಆದೇಶ ಹೊರಬರಲಿ. ಶಾಲೆಗಳ ವಿಳಾಸ ಶಿಕ್ಷಣ ಇಲಾಖೆಯಲ್ಲಿದೆ, ರಸ್ತೆಗಳ ನಕ್ಷೆ ಲೋಕೋಪಯೋಗಿ ಇಲಾಖೆಯಲ್ಲಿದೆ. ಎರಡನ್ನೂ ಒಂದೇ ಮೇಜಿನ ಮೇಲೆ ತಂದು, ಆದೇಶಕ್ಕೆ ಸಹಿ ಹಾಕುವ ಹೊಣೆಯನ್ನು ಆಯಾ ಜಿಲ್ಲಾಧಿಕಾರಿಗೆ ವಹಿಸಬಹುದು.