ಒಂಬತ್ತು ವರ್ಷಕ್ಕೇ ಪ್ರತಿಭೆಗೆ ಸೀಲ್ ಹಾಕುವುದು ಯಾಕೆ?

ಎರ್ನಾಕುಳಂನಲ್ಲಿ ಬಸ್ಸಿನ ಕಿಟಕಿ ಪಕ್ಕ ಸೀಟು ಸಿಕ್ಕರೆ ಶಾಲೆಗಳ ಗೇಟಿನ ಕಡೆ ಒಮ್ಮೆ ಕಣ್ಣು ಹಾಯಿಸಿ. ದೊಡ್ಡ ಫ್ಲೆಕ್ಸ್, ಅದರಲ್ಲಿ ಸಾಲು ಸಾಲಾಗಿ ಪಾಸ್‌ಪೋರ್ಟ್ ಸೈಜಿನ ಮುಖಗಳು, ಮೇಲೆ "ಅಭಿನಂದನೆಗಳು" ಅಂತ ಮಲಯಾಳಂನಲ್ಲಿ ದಪ್ಪಕ್ಷರ. ಯಾವುದೋ ಪಂಚಾಯತಿ ಚುನಾವಣೆಯ ಅಭ್ಯರ್ಥಿಗಳು ಅಂದುಕೊಂಡೀರಿ. ಅಲ್ಲ ಮಾರಾಯ್ರೆ, ಅವರು ನಾಲ್ಕನೇ ಕ್ಲಾಸಿನ ಮಕ್ಕಳು! ಒಂಬತ್ತು ವರ್ಷದ ಪ್ರತಿಭಾವಂತರು. ಇವರೇನೋ ಪ್ರತಿಭಾವಂತರು, ಸರಿ. ಹಾಗಾದರೆ ಅದೇ ಬೆಂಚಿನಲ್ಲಿ ಪಕ್ಕದಲ್ಲೇ ಕೂತಿದ್ದು, ಫ್ಲೆಕ್ಸಿನಲ್ಲಿ ಮುಖ ಬಾರದ ಮಗು ಯಾರು? ದಿನಾ ಅದೇ ಗೇಟಿನ ಕೆಳಗೆ ನುಸುಳಿ ಒಳಗೆ ಹೋಗುವಾಗ ಆ ಮಗು ತನ್ನ ಬಗ್ಗೆ ಏನಂದುಕೊಳ್ಳಬೇಕು? ಇಷ್ಟೇ ನನ್ನ ತಕರಾರು.

ನಾನು ಪುತ್ತೂರಿನ ಕಡೆಯವನು. ಕೊಚ್ಚಿಗೆ ಬಂದು ಮೂವತ್ತು ವರ್ಷ ದಾಟಿತು, ಮಕ್ಕಳು ಇಲ್ಲೇ ಓದಿದರು. ಹಾಗಾಗಿ ಹೊರಗಿನವನ ಕೊಂಕು ಅಂತ ತಳ್ಳಿಹಾಕಬೇಡಿ. ಕೇರಳದ ಶಾಲೆಗಳ ಬಗ್ಗೆ ನನಗೆ ಗೌರವವಿದೆ. ಬೀಡಿ ಕಟ್ಟುವವನ ಮಗಳೂ ಬ್ಯಾಂಕ್ ಮ್ಯಾನೇಜರನ ಮಗನೂ ಒಂದೇ ಸರ್ಕಾರಿ ಶಾಲೆಯಲ್ಲಿ ಓದಿದ ನಾಡು ಇದು. ಅಂಥ ನಾಡಿನಲ್ಲೇ ಹೀಗಾಗುತ್ತಿದೆಯಲ್ಲಾ ಅಂತ ನನಗೆ ಸಂಕಟ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ ಹೇಳಿಬಿಡುತ್ತೇನೆ. ಊರಿಗೆಲ್ಲ ಎಲ್.ಎಸ್.ಎಸ್. ಅಂತಲೇ ಗೊತ್ತಿರುವ ಸ್ಕಾಲರ್‌ಶಿಪ್ ಪರೀಕ್ಷೆ ನಾಲ್ಕನೇ ಕ್ಲಾಸಿನವರಿಗೆ, ಯು.ಎಸ್.ಎಸ್. ಏಳನೇ ಕ್ಲಾಸಿನವರಿಗೆ. ಎರಡೂ ರಾಜ್ಯ ಪಠ್ಯಕ್ರಮದ ಮಕ್ಕಳಿಗೆ ಮಾತ್ರ. ಪರೀಕ್ಷೆ ನಡೆಸುವುದು ತಿರುವನಂತಪುರದ ಪರೀಕ್ಷಾಭವನ. ಎಲ್.ಎಸ್.ಎಸ್.ನಲ್ಲಿ ನೂರಕ್ಕೆ 60 ಬಂದರೆ ವರ್ಷಕ್ಕೆ 1000 ರೂಪಾಯಿಯಂತೆ ಮೂರು ವರ್ಷ ಅಂತ ಲೆಕ್ಕ. ಆ ಹಣವೂ ವರ್ಷಗಟ್ಟಲೆ ಬಾಕಿ ಬಿದ್ದು ಪೇಪರಿನಲ್ಲಿ ಸುದ್ದಿಯಾಗಿತ್ತು, ಅದು ಬೇರೆ ಕತೆ. ಮುಂದೆ ಯು.ಎಸ್.ಎಸ್.ನಲ್ಲಿ ಮೇಲಿನ ಅಂಕ ತೆಗೆದವರನ್ನು ಶಿಕ್ಷಣ ಜಿಲ್ಲೆವಾರು ಆರಿಸಿ "ಗಿಫ್ಟೆಡ್ ಚಿಲ್ಡ್ರನ್ ಪ್ರೋಗ್ರಾಂ" ಅಂತ ಶಿಬಿರ, ಪ್ರವಾಸ, ತಜ್ಞರ ಜತೆ ಮಾತುಕತೆ ಎಲ್ಲ ಏರ್ಪಡಿಸುವ ಪದ್ಧತಿ. ಅಂದರೆ ನಾಲ್ಕನೇ ಕ್ಲಾಸು ಮೊದಲ ಮೆಟ್ಟಿಲು, ಏಳನೇ ಕ್ಲಾಸು ಬಾಗಿಲು.

ಕಾಗದದ ಮೇಲೆ ಚೆನ್ನಾಗಿದೆ ಅಲ್ವಾ? ಈಗ ಆ ಮೆಟ್ಟಿಲು ಹತ್ತುವ ಪರಿ ನೋಡಿ.

ನಮ್ಮ ಫ್ಲ್ಯಾಟಿನ ಕೆಳಗಿನ ಮಹಡಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಲಿಫ್ಟಿನಲ್ಲಿ ಸಿಕ್ಕರೆ ಸಾಕು, ಪ್ರಶ್ನೆಗಳ ಸುರಿಮಳೆ. "ಅಂಕಲ್, ಹಲ್ಲಿ ಗೋಡೆಯಿಂದ ಯಾಕೆ ಬೀಳಲ್ಲ? ಕಾಯಲಿನ ನೀರು ಕೆಲವು ತಿಂಗಳು ಉಪ್ಪು, ಕೆಲವು ತಿಂಗಳು ಸಪ್ಪೆ, ಯಾಕೆ?" ನಾಲ್ಕನೇ ಕ್ಲಾಸಿನ ಕ್ರಿಸ್ಮಸ್ ರಜೆ ಮುಗಿಯಿತು ನೋಡಿ, ಪ್ರಶ್ನೆಗಳೇ ನಿಂತುಹೋದವು. ಬೆಳಿಗ್ಗೆ ಶಾಲೆಗೆ ಮೊದಲು ಒಂದು ಗಂಟೆ, ಸಂಜೆ ಒಂದು ಗಂಟೆ, ಶನಿವಾರ ಪೂರ್ತಿ ಮಾದರಿ ಪ್ರಶ್ನೆಪತ್ರಿಕೆ. ನಾನೇ ಒಂದು ಸಲ ಹಲ್ಲಿಯ ವಿಷಯ ತೆಗೆದರೆ, "ಅಂಕಲ್, ಅದು ಪರೀಕ್ಷೆಗೆ ಬರಲ್ಲ" ಅಂದಳು. ಅವಳಮ್ಮ ಹೇಳಿದ್ದು: "ಏನು ಮಾಡೋದು ಚೇಟ್ಟಾ, ಇದು ಶಾಲೆಯ ಮಾನದ ಪ್ರಶ್ನೆ ಅಂತಾರೆ ಟೀಚರು."

ನೋಡಿದಿರಾ? ಇದು ಮಗುವಿನ ಪ್ರತಿಭೆಯ ಪ್ರಶ್ನೆಯಲ್ಲ, ಶಾಲೆಯ ಮಾನದ ಪ್ರಶ್ನೆ! ಎಷ್ಟು ಮಕ್ಕಳು ಪಾಸಾದರು ಅನ್ನೋದು ಮುಂದಿನ ವರ್ಷದ ಅಡ್ಮಿಷನ್‌ಗೆ ಜಾಹೀರಾತು. ಮಕ್ಕಳ ಸಂಖ್ಯೆ ಕಡಿಮೆಯಾದರೆ ಟೀಚರ ಹುದ್ದೆಗೇ ಸಂಚಕಾರ. ಪಾಪ, ಅವರನ್ನು ದೂರಿಯೂ ಪ್ರಯೋಜನವಿಲ್ಲ. ಆದರೆ ಇಷ್ಟೆಲ್ಲ ಉರು ಹೊಡೆಸಿದ ಮೇಲೆ ಆ ಪರೀಕ್ಷೆ ಅಳೆಯುವುದು ಏನನ್ನು? ಉರು ಹೊಡೆದದ್ದನ್ನು ಅಷ್ಟೆ. ಶನಿವಾರ ಮಗುವನ್ನು ಕರೆದುಕೊಂಡು ಹೋಗಿ ಬರಲು ಮನೆಯಲ್ಲಿ ಜನ ಇದ್ದಾರೋ, ಗೈಡ್ ಪುಸ್ತಕ ಕೊಳ್ಳಲು ದುಡ್ಡಿದೆಯೋ, ಅದನ್ನು.

ನಿಜವಾದ ಪ್ರತಿಭೆ ಹೇಗಿರುತ್ತದೆ ಅಂತ ಕೊಚ್ಚಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಡ್ಮಂಡ್ ಥಾಮಸ್ ಕ್ಲಿಂಟ್ ಇದೇ ಊರಿನ ಹುಡುಗ. ಹುಟ್ಟಿದ್ದು 1976ರ ಮೇ ತಿಂಗಳಲ್ಲಿ, ಕಿಡ್ನಿ ಕಾಯಿಲೆಯಿಂದ ತೀರಿಕೊಂಡದ್ದು 1983ರ ಏಪ್ರಿಲ್‌ನಲ್ಲಿ. ಏಳು ವರ್ಷವೂ ತುಂಬಿರಲಿಲ್ಲ. ಅಷ್ಟರಲ್ಲೇ ಸುಮಾರು 25,000 ಚಿತ್ರ ಬರೆದಿದ್ದ ಅನ್ನುತ್ತಾರೆ. ಅವನ ಮೇಲೆ 2017ರಲ್ಲಿ ಹರಿಕುಮಾರ್ ಸಿನಿಮಾ ಮಾಡಿದರು. ಕ್ಲಿಂಟ್‌ನನ್ನು ಕಂಡುಹಿಡಿದದ್ದು ಯಾವ ಪರೀಕ್ಷೆ? ಯಾವುದೂ ಇಲ್ಲ. ಅಪ್ಪ ಅಮ್ಮ ಕಾಗದ, ಬಣ್ಣ ಕೊಟ್ಟರು, ಕಥೆ ಓದಿ ಹೇಳಿದರು, ದೇವಸ್ಥಾನದ ಉತ್ಸವ, ತೆಯ್ಯಂ ತೋರಿಸಲು ಕರೆದುಕೊಂಡು ಹೋದರು. ನಮ್ಮ ಭೂತಕೋಲದ ನೆಂಟನಾದ ಆ ತೆಯ್ಯಂ ಅವನ ಕಾಗದದ ಮೇಲೆ ಕುಣಿಯಿತು. ಅವನು ನಾಲ್ಕನೇ ಕ್ಲಾಸಿನವರೆಗೆ ಬದುಕಿದ್ದರೆ? ಶನಿವಾರ ಮಾದರಿ ಪ್ರಶ್ನೆಪತ್ರಿಕೆಗೆ ಕೂರಿಸಿ, "ಚಿತ್ರ ಆಮೇಲೆ ಬರಿ" ಅನ್ನುತ್ತಿದ್ದೆವೇನೋ.

ಇದು ಕೇರಳದ್ದೊಂದೇ ಕತೆಯೂ ಅಲ್ಲ. ಅಮೆರಿಕದ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ಪರೀಕ್ಷೆ ಇಟ್ಟು ಸಾವಿರಕ್ಕೂ ಹೆಚ್ಚು "ಮೇಧಾವಿ" ಮಕ್ಕಳನ್ನು ಆರಿಸಿ, ಅವರ ಜೀವನವನ್ನೇ ಹಿಂಬಾಲಿಸಿದ. ಆಗ ಅಂಕ ಸಾಲದೆ ಹೊರಗುಳಿದ ಮಕ್ಕಳಲ್ಲಿ ಇಬ್ಬರ ಹೆಸರು ಕೇಳಿ: ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್. ಶಾಕ್ಲಿಗೆ 1956ರಲ್ಲಿ, ಆಲ್ವರೆಜ್‌ಗೆ 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಆರಿಸಿಕೊಂಡವರಲ್ಲಿ ಒಬ್ಬರಿಗೂ ಬರಲಿಲ್ಲ! ಅಷ್ಟು ದೊಡ್ಡ ವಿದ್ವಾಂಸನ ಜರಡಿಯಲ್ಲೇ ಇಷ್ಟು ದೊಡ್ಡ ತೂತು ಇದ್ದರೆ, ಒಂದು ದಿನದ ನಮ್ಮ ಪರೀಕ್ಷೆಯ ಪಾಡೇನು?

ಇನ್ನು ಭಾಷೆಯ ವಿಷಯಕ್ಕೆ ಬರುತ್ತೇನೆ. ವಲಸೆ ಬಂದವನಾದ್ದರಿಂದ ನನಗೆ ಹೆಚ್ಚು ಚುಚ್ಚುವುದು ಇದೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. 1956ರ ನಂತರ ಆ ನೆಲದ ಜನ ಭಾಷಾ ಅಲ್ಪಸಂಖ್ಯಾತರಾಗಿ ಹೋರಾಡಿ ಉಳಿಸಿಕೊಂಡ ಹಕ್ಕುಗಳಿಂದ ಬಂದದ್ದು ಅದು. ಆದರೆ ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಯಲ್ಲಿ ದುಡಿಯುವ ಬಂಗಾಳಿಯ ಮಗುವಿಗೆ? ಎಡಯಾರಿನ ಕಾರ್ಖಾನೆಗೆ ಬಂದ ಒಡಿಯಾದವನ ಮಗುವಿಗೆ? ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಮಲಯಾಳಂ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ತಿಳಿಸಿ, ಅಮ್ಮ ಹೇಳಿದ್ದನ್ನು ಡಾಕ್ಟರಿಗೆ ತಿಳಿಸಿ, ಮಾತ್ರೆ ಎಷ್ಟು ಹೊತ್ತಿಗೆ ಅಂತ ನೆನಪಿಟ್ಟುಕೊಳ್ಳುವ ಎಂಟು ವರ್ಷದ ಮಕ್ಕಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ಪ್ರತಿಭೆ ಅಲ್ಲದಿದ್ದರೆ ಇನ್ನೇನು? ಈ ಮಗು ಮಲಯಾಳಂ ಪ್ರಶ್ನೆಪತ್ರಿಕೆಯ ಮುಂದೆ ತಡವರಿಸಿದರೆ ನಾವು ಕೊಡುವ ಬಿರುದು "ಹಿಂದುಳಿದ ಮಗು".

ಹಾಗಾದರೆ ಬೇರೆ ದಾರಿ ಇದೆಯಾ? ಇದೆ, ಇದೇ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದಾರೆ. 2017ರಲ್ಲಿ ಎರ್ನಾಕುಳಂ ಜಿಲ್ಲಾಡಳಿತ "ರೋಶ್ನಿ" ಎಂಬ ಯೋಜನೆ ಶುರು ಮಾಡಿತು. ಬಿನಾನಿಪುರಂನ ಸರ್ಕಾರಿ ಶಾಲೆ ಅದರ ಮೊದಲ ಪ್ರಯೋಗಶಾಲೆಗಳಲ್ಲಿ ಒಂದು. ಬೆಳಿಗ್ಗೆ ಶಾಲೆ ಶುರುವಾಗುವ ಮುಂಚೆ ವಲಸೆ ಕಾರ್ಮಿಕರ ಮಕ್ಕಳಿಗೆ ತಿಂಡಿ ಕೊಟ್ಟು, ಅವರ ಭಾಷೆ ಬಲ್ಲ ಸ್ವಯಂಸೇವಕರು ಮಾತೃಭಾಷೆಯಿಂದ ಮಲಯಾಳಂಗೆ, ಇಂಗ್ಲಿಷಿಗೆ ಕೈಹಿಡಿದು ದಾಟಿಸುವುದು. ಅಲ್ಲೂ ಬೆಳಿಗ್ಗೆಯ ಹೆಚ್ಚುವರಿ ಗಂಟೆಯೇ. ಆದರೆ ಆ ಗಂಟೆ ಯಾರನ್ನೂ ಆರಿಸಲಿಲ್ಲ, ಯಾರನ್ನೂ ಬಿಡಲಿಲ್ಲ.

ನೀವು ಕೇಳಬಹುದು: "ಬಡವರ ಮಗುವಿಗೆ ಈ ಪರೀಕ್ಷೆಯೇ ಒಂದು ಏಣಿ, ಅದನ್ನೂ ಕಿತ್ತುಹಾಕಬೇಕಾ?" ನ್ಯಾಯವಾದ ಪ್ರಶ್ನೆ. ಬುದ್ಧಿವಂತ ಮಗುವಿಗೆ ಕ್ಲಾಸಿನಲ್ಲಿ ಬೇಜಾರಾಗುತ್ತದೆ, ಅದಕ್ಕೆ ಹೆಚ್ಚಿನದು ಕೊಡಬೇಕು ಅನ್ನುವುದೂ ನಿಜ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಶೇಷ ಪ್ರತಿಭೆಯ ಮಕ್ಕಳಿಗೆ ಪ್ರೋತ್ಸಾಹ ಕೊಡಿ ಅನ್ನುತ್ತದೆ. ಪ್ರೋತ್ಸಾಹ ಬೇಡ ಅಂತ ನಾನೆಲ್ಲಿ ಹೇಳಿದೆ? ಬಡ ಮಗುವಿಗೆ ಹಣ ಬೇಕಾದರೆ ಬಡತನ ನೋಡಿ ಕೊಡಿ, ಸಮಯಕ್ಕೆ ಸರಿಯಾಗಿ ಕೊಡಿ. ಪ್ರತಿಭೆ ಹುಡುಕಬೇಕಾದರೆ ವರ್ಷವಿಡೀ ಕ್ಲಾಸಿನಲ್ಲಿ ಮಗುವನ್ನು ನೋಡುವ ಟೀಚರ ಕಣ್ಣನ್ನು ತರಬೇತಿಗೊಳಿಸಿ. ಬೆಂಗಳೂರಿನ ನಿಯಾಸ್ ಸಂಸ್ಥೆ 2010ರ ದಶಕದಲ್ಲಿ ಪ್ರತಿಭಾವಂತ ಮಕ್ಕಳ ಬಗ್ಗೆ ಕೆಲಸ ಮಾಡಿದಾಗ ಟೀಚರ ಗಮನಿಕೆಗೆ ಮಹತ್ವ ಕೊಟ್ಟಿತು. ಆದರೆ ಮಾನದ ಪ್ರಶ್ನೆಯಲ್ಲಿ ಮುಳುಗಿರುವ ಟೀಚರಿಗೆ ಹಲ್ಲಿಯ ಪ್ರಶ್ನೆ ಕೇಳಿಸಿಕೊಳ್ಳಲು ಪುರುಸೊತ್ತೆಲ್ಲಿ?

ಮತ್ತೆ ಆ ಶಿಬಿರ, ಪ್ರವಾಸ, ತಜ್ಞರ ಮಾತು. ಅದು ಯಾವ ಮಗುವಿಗೆ ಬೇಡ, ನೀವೇ ಹೇಳಿ. ತಿರುವನಂತಪುರದ ತಾರಾಲಯದಲ್ಲಿ ಕತ್ತಲಾಗಿ ನಕ್ಷತ್ರ ಮೂಡಿದಾಗ ಬಾಯಿ ತೆರೆದು ನೋಡುವ ಹಕ್ಕು 60 ಅಂಕ ಬಂದವರಿಗಷ್ಟೇ ಯಾಕಿರಬೇಕು? ಅದೇ ಊರಿನ ಸ್ಟೇಟ್ ಸೆಂಟ್ರಲ್ ಲೈಬ್ರರಿ ಶುರುವಾದದ್ದು 1829ರಲ್ಲಿ. ಊರಿನ ಎಲ್ಲರಿಗೂ ಪುಸ್ತಕ ಸಿಗಬೇಕು ಅನ್ನುವ ಯೋಚನೆ ಈ ನಾಡಿಗೆ ಹೊಸದೇನಲ್ಲ. ಎಲ್ಲರಿಗೂ ಬಾಗಿಲು ತೆರೆದಿಟ್ಟರೆ, ನಿಜವಾಗಿ ಹಸಿವಿರುವ ಮಗು ತಾನಾಗಿಯೇ ಮತ್ತೆ ಮತ್ತೆ ಬರುತ್ತದೆ. ಅದಕ್ಕಿಂತ ಒಳ್ಳೆಯ ಆಯ್ಕೆ ಪರೀಕ್ಷೆ ಯಾವುದಿದೆ?

2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಸೇರಿಸುವಾಗ ಮಗುವಿಗೆ ಪರೀಕ್ಷೆ ಇಡಕೂಡದು ಅಂತ ಹೇಳಿತು. ಸೇರಿಸಿದ ನಾಲ್ಕೇ ವರ್ಷಕ್ಕೆ ನಾವು ಮಕ್ಕಳನ್ನು ಜರಡಿ ಹಿಡಿದು ಗೇಟಿಗೆ ಫೋಟೋ ನೇತುಹಾಕುತ್ತಿದ್ದೇವೆ. ಪರೀಕ್ಷೆ ನಿಲ್ಲಿಸಲು ಸರ್ಕಾರಕ್ಕೆ ಧೈರ್ಯ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮೊದಲು ಆ ಫ್ಲೆಕ್ಸುಗಳನ್ನು ಇಳಿಸಿ. ಅದಕ್ಕೆ ಯಾವ ಆದೇಶವೂ ಬೇಡ, ಒಂದು ಏಣಿ, ಒಂದು ಕತ್ತರಿ ಸಾಕು.