ಡಾಕ್ಟರಿಗೆ ಹೇಳಿದ ಮಾತು ಎಲ್ಲಿಯವರೆಗೆ ಹೋಗುತ್ತದೆ?

ಜಿಮ್‌ನಲ್ಲಿ ‘ಸೈಕಲ್’ ಹಾಕುವವರು, ಅಂದರೆ ಸ್ನಾಯು ಬೆಳೆಸಲು ಇಂತಿಷ್ಟು ವಾರ ಎಂದು ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಅಲ್ಲಿ ಅದನ್ನು ಮುಚ್ಚಿಡುವುದಿಲ್ಲ. ಎಷ್ಟು ಟೆಸ್ಟೋಸ್ಟೆರಾನ್, ಜೊತೆಗೆ ಡೆಕಾ ಎಂಬ ಇನ್ನೊಂದು ಸ್ಟೀರಾಯ್ಡ್ ಇದೆಯೋ ಇಲ್ಲವೋ, ಎಷ್ಟು ವಾರ ಎಂಬ ಲೆಕ್ಕವೆಲ್ಲ ಪಕ್ಕದ ಬೆಂಚಿನವನಿಗೂ ಗೊತ್ತಿರುತ್ತದೆ. ಅದೇ ಹುಡುಗ ಎದೆ ಬಡಿತ ಏರುಪೇರಾಗಿ ಡಾಕ್ಟರ ಮುಂದೆ ಕೂತಾಗ, “ಬೇರೆ ಏನಾದ್ರೂ ತಗೊಳ್ತೀರಾ?” ಎಂದರೆ “ಇಲ್ಲ ಸರ್, ಪ್ರೋಟೀನ್ ಪೌಡರ್ ಅಷ್ಟೇ” ಎನ್ನುತ್ತಾನೆ. ಇದನ್ನು ಬರೀ ಹುಡುಗಾಟ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅವನ ಭಯಕ್ಕೆ ಆಧಾರವಿದೆ. ಆದರೂ ಹೇಳುವುದೇ ಸರಿ ಎಂದು ನಾನು ನಂಬಿದ್ದೇನೆ.

ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಈ ಸ್ಟೀರಾಯ್ಡ್ ಔಷಧಿಗಳು ರಕ್ತದ ಕೆಂಪು ಕಣಗಳನ್ನು ಹೆಚ್ಚಿಸಿ ರಕ್ತವನ್ನು ಗಟ್ಟಿಯಾಗಿಸುತ್ತವೆ, ಒಳ್ಳೆಯ ಕೊಲೆಸ್ಟ್ರಾಲನ್ನು ಇಳಿಸುತ್ತವೆ, ಹೃದಯದ ಎಡಭಾಗದ ಗೋಡೆಯನ್ನು ದಪ್ಪವಾಗಿಸಬಲ್ಲವು. ಮಾತ್ರೆಯ ರೂಪದಲ್ಲಿ ನುಂಗುವ ಕೆಲವು ಬಗೆಗಳು ಯಕೃತ್ತನ್ನು ಕಾಡುತ್ತವೆ. ಹಾಗೆಂದು ಲಿವರ್ ಟೆಸ್ಟಿನಲ್ಲಿ ಏರಿದ ಅಂಕಿಯೆಲ್ಲ ಯಕೃತ್ತಿನದೇ ಆಗಬೇಕಿಲ್ಲ. ಹಿಂದಿನ ದಿನ ಭಾರ ಎತ್ತಿದ್ದರೂ ಆ ಟೆಸ್ಟಿನ ಎಸ್‌ಜಿಒಟಿ, ಎಸ್‌ಜಿಪಿಟಿ ಅಂಕಿಗಳು ಏರುತ್ತವೆ. ಸ್ನಾಯು ಹೆಚ್ಚಿದ್ದರೆ ಕ್ರಿಯಾಟಿನಿನ್ ಕೂಡ ಏರಿರುತ್ತದೆ, ಮೂತ್ರಪಿಂಡಕ್ಕೆ ಏನೂ ಆಗಿರದಿದ್ದರೂ. ಹಿನ್ನೆಲೆ ಗೊತ್ತಿಲ್ಲದ ಡಾಕ್ಟರ್ ಇಲ್ಲದ ಕಾಯಿಲೆಯನ್ನು ಹುಡುಕುತ್ತಾರೆ, ಅಥವಾ ಇರುವ ಅಪಾಯವನ್ನು ಕಾಣದೆ ಬಿಡುತ್ತಾರೆ.

ಇನ್ನು ಭಯದ ಕಡೆ. ಪೊಲೀಸ್ ಕೇಸಾಗುತ್ತದೆ ಎಂಬ ಭಯ ನಮ್ಮಲ್ಲಿ ಬೇಕಿಲ್ಲ. ಇವು ಚೀಟಿಯಿಲ್ಲದೆ ಮಾರಬಾರದ ಔಷಧಿಗಳು ನಿಜ, ಆದರೆ 1985ರ ಮಾದಕದ್ರವ್ಯ ಕಾಯ್ದೆಯ ಪಟ್ಟಿಯಲ್ಲಿ ಇಲ್ಲ. ಅಮೆರಿಕದಲ್ಲಿ ಚೀಟಿಯಿಲ್ಲದೆ ಇವನ್ನು ಇಟ್ಟುಕೊಳ್ಳುವುದೇ ಅಪರಾಧ. ಅಲ್ಲಿನ ಕಥೆಗಳನ್ನು ಕೇಳಿ ಇಲ್ಲಿನವರೂ ಹೆದರುತ್ತಾರೆ.

ನಿಜವಾದ ಭಯ ಹತ್ತಿರದ್ದು. ಸಣ್ಣ ಊರಿನ ಕ್ಲಿನಿಕ್ಕಿನಲ್ಲಿ ಒಬ್ಬರ ತಪಾಸಣೆ ಮುಗಿಯುವ ಮೊದಲೇ ಮುಂದಿನವರು ಒಳಗೆ ಬಂದು ಕೂತಿರುತ್ತಾರೆ. ಡಾಕ್ಟರ್ ಅಪ್ಪನ ಸ್ನೇಹಿತರು, ಕಾಂಪೌಂಡರ್ ಪಕ್ಕದ ಬೀದಿಯವನು. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ರೋಗಿಯ ಗುಟ್ಟನ್ನು ಡಾಕ್ಟರ್ ಹೊರಗೆಡಹುವಂತಿಲ್ಲ. ನ್ಯಾಯಾಧೀಶರ ಆದೇಶ, ಗುರುತಿಸಬಹುದಾದ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳು: ವಿನಾಯಿತಿ ಇವಿಷ್ಟೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕಾನೂನು ಗಟ್ಟಿಯಾಗಿಯೇ ಇದೆ. ತೆಳುವಾಗಿರುವುದು ಕ್ಲಿನಿಕ್ಕಿನ ಪರದೆ.

ವಿಮೆಯ ಲೆಕ್ಕ ಇನ್ನೂ ಕಠಿಣ. ಕೇಸ್ ಶೀಟಿನಲ್ಲಿ ಬರೆದದ್ದು ಕ್ಲೇಮ್ ಹಾಕಿದ ದಿನ ವಿಮಾ ಕಂಪನಿಯ ಮೇಜಿಗೆ ಹೋಗುತ್ತದೆ, ಅದೂ ರೋಗಿಯ ಸಹಿಯೊಂದಿಗೇ. ಮದ್ಯ, ಮಾದಕವಸ್ತು ಅಥವಾ ಚಟದ ಚಿಕಿತ್ಸೆಗೂ ಅದರ ಪರಿಣಾಮಗಳಿಗೂ ಹಣ ಕೊಡುವುದಿಲ್ಲ ಎಂಬ ಷರತ್ತು ನಮ್ಮ ಆರೋಗ್ಯ ಪಾಲಿಸಿಗಳಲ್ಲಿ ಸಾಮಾನ್ಯ. “ಸ್ಟೀರಾಯ್ಡ್ ಅಬ್ಯೂಸ್” ಎಂಬ ಎರಡು ಪದ ಹಾಳೆಯ ಮೇಲೆ ಬಿದ್ದರೆ, ಹೃದಯದ ಆಪರೇಷನ್ನಿನ ಬಿಲ್ಲು ಮನೆಯವರ ತಲೆಗೆ ಬರಬಹುದು. ಇದನ್ನು ಅರಿತವನು ಬಾಯಿ ಬಿಗಿಹಿಡಿದರೆ ಅವನನ್ನು ಮೂರ್ಖ ಎನ್ನಲಾಗದು.

“ಹಾಗಾದರೆ ಬರೀಬೇಡಿ ಸರ್, ಕೇಳಿಸಿಕೊಳ್ಳಿ ಸಾಕು” ಎನ್ನುವವರಿದ್ದಾರೆ. ಇಲ್ಲಿ ನಾನು ಡಾಕ್ಟರ ಪಕ್ಷ. ರಾತ್ರಿ ಪಾಳಿಯಲ್ಲಿ ಅರಿವಳಿಕೆ ಕೊಡುವವರಿಗೆ ಬೆಳಗ್ಗೆ ನಡೆದ ಮಾತು ಗೊತ್ತಿರುವುದಿಲ್ಲ, ಹಾಳೆಯೊಂದೇ ಗತಿ. ಆದರೆ ಹೇಗೆ ಬರೆಯುತ್ತಾರೆ ಎಂಬುದನ್ನು ಕೇಳುವ ಹಕ್ಕು ರೋಗಿಗಿದೆ. ಔಷಧಿಯ ಹೆಸರು, ಪ್ರಮಾಣ, ಶುರು ಮಾಡಿದ ತಿಂಗಳು, ಬಿಟ್ಟ ತಿಂಗಳು ಬರೆದರೆ ಮುಂದಿನ ಡಾಕ್ಟರಿಗೆ ಬೇಕಾದದ್ದೆಲ್ಲ ಸಿಗುತ್ತದೆ. ‘ಚಟ’ ಎಂಬ ತೀರ್ಪು ತಪಾಸಣೆಯಿಂದ ಬಂದಿದ್ದರೆ ಮಾತ್ರ ಬರೆಯಬೇಕು, ಅಸಹನೆಯಿಂದ ಅಲ್ಲ. ಅದೇ 2002ರ ನಿಯಮಗಳಂತೆ ರೋಗಿ ಕೇಳಿದರೆ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು. ಓದಿ ನೋಡಿ, ತಪ್ಪಿದ್ದರೆ ತಿದ್ದಿಸಬಹುದು. ಆದರೆ ಪಾಲಿಸಿ ಮಾಡಿಸುವಾಗ ಪ್ರೊಪೋಸಲ್ ಫಾರ್ಮಿನ ಪ್ರಶ್ನೆಗೆ ಸುಳ್ಳು ಬರೆಯುವುದನ್ನು ಯಾವ ಖಾಸಗಿತನವೂ ಸಮರ್ಥಿಸದು.

ನನ್ನನ್ನು ಹೆಚ್ಚು ಕಾಡುವುದು ಮಕ್ಕಳಾಗಲಿಲ್ಲ ಎಂದು ಬರುವ ದಂಪತಿಯ ಪ್ರಸಂಗ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದಾಗ ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ತನ್ನ ಸಂಕೇತಗಳನ್ನು ನಿಲ್ಲಿಸುತ್ತದೆ, ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ಬಿಟ್ಟ ಮೇಲೆ ಸುಧಾರಿಸಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷವೂ ಸಾಲದು. ಬಿಟ್ಟ ಹೊಸತರಲ್ಲಿ ರಕ್ತ ಪರೀಕ್ಷೆ ಮಾಡಿದರೆ ಟೆಸ್ಟೋಸ್ಟೆರಾನ್ ಕಡಿಮೆ ಎಂದು ಬರುತ್ತದೆ. ವಿಷಯ ಗೊತ್ತಿಲ್ಲದವರು ಅದನ್ನೇ ಮತ್ತೆ ಬರೆದುಕೊಟ್ಟರೆ ವೀರ್ಯಾಣುಗಳ ಗತಿ ಇನ್ನಷ್ಟು ಕೆಡುತ್ತದೆ. ಗಂಡ ಬಾಯಿ ಬಿಡದಿದ್ದಷ್ಟು ದಿನ ಹೆಂಡತಿಗೆ ಸ್ಕ್ಯಾನು, ಹಾರ್ಮೋನ್ ಇಂಜೆಕ್ಷನ್ನು, ಅತ್ತೆಮನೆಯ ಚುಚ್ಚುಮಾತು. ಅವನ ಗುಟ್ಟಿಗೆ ಅವಳ ದೇಹ ಬೆಲೆ ತೆರುತ್ತಿರುತ್ತದೆ.

ಅವಳಿಗೆ ಡಾಕ್ಟರೇ ಹೇಳಿಬಿಡಬಹುದೇ? 1998ರಲ್ಲಿ ಎಚ್‌ಐವಿ ಪ್ರಕರಣವೊಂದರಲ್ಲಿ, ಮದುವೆಯಾಗಲಿದ್ದ ಹೆಣ್ಣಿನ ಆರೋಗ್ಯದ ಹಕ್ಕಿನ ಮುಂದೆ ಗಂಡಿನ ಗುಟ್ಟು ನಿಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ಅದು ಜೀವಕ್ಕೇ ಕುತ್ತು ತರುವ ಸೋಂಕಿನ ಮಾತು. ಸ್ಟೀರಾಯ್ಡಿಗೂ ಆ ವಿನಾಯಿತಿಯನ್ನು ಎಳೆದರೆ, ನಾಳೆ ಯಾವ ಗಂಡಸೂ ಡಾಕ್ಟರ ಹತ್ತಿರ ನಿಜ ನುಡಿಯಲಾರ. ಡಾಕ್ಟರ್ ಅವನ ಗುಟ್ಟನ್ನು ಕಾಯಲಿ. ಜೊತೆಗೆ, ಹೆಂಡತಿಗೆ ನೀನೇ ಹೇಳು ಎಂದು ಒತ್ತಾಯಿಸಲಿ, ಗಂಡನ ಪರೀಕ್ಷೆ ಮುಗಿಯುವವರೆಗೆ ಅವಳಿಗೆ ಅನಗತ್ಯ ಇಂಜೆಕ್ಷನ್ ಶುರು ಮಾಡದಿರಲಿ. ಅದಕ್ಕೂ ಮುಂಚೆ, ಜೋಡಿಯಾಗಿ ಬಂದವರನ್ನು ಐದೈದು ನಿಮಿಷವಾದರೂ ಬೇರೆಬೇರೆಯಾಗಿ ಕೂರಿಸಿ, ಬಾಗಿಲು ಹಾಕಿ, ಇಂಜೆಕ್ಷನ್ ಹೆಸರನ್ನೇ ಹಿಡಿದು ಕೇಳಲಿ. “ಬೇರೆ ಏನಾದ್ರೂ” ಎಂದಷ್ಟೇ ಕೇಳಿದರೆ ಪ್ರೋಟೀನ್ ಪೌಡರ್ ಎಂಬ ಉತ್ತರವೇ ಬರುತ್ತದೆ.